ಕರಗದ ಅರಗು

ಆನಂದ ಸಂವತ್ಸರ, ಮಾಘ ಬಹುಳ ಪಂಚಮಿ. ಶ್ರೀರಂಗಪಟ್ಟಣ.

ಮಗಳು ಕಾಳಿ ನಾಗಮಂಗಲದ ಗಂಡನ ಮನೆಗೆ ಒಯ್ಯಬೇಕಾದ ಕುಂಕುಮದ ಬಟ್ಟಲು ಇವತ್ತೂ ಮುಗಿಯಲಿಲ್ಲ. ಮರ ಬಿರುಸಾಗಿ ತಿರುಗಿ ಬಿಸಿಯಾದರೆ ತಾನೇ ಅರಗು ಕರಗಿ ಬಣ್ಣ ಹಿಡಿಯೋದು? ಅರಗಿನ ಕಡ್ಡಿಯನ್ನ ತಿರುಗೋ ಮರಕ್ಕೆ ಎಷ್ಟು ಒತ್ತಿದರೂ ಪುಡಿಪುಡಿಯಾಗಿ ಉದುರಿತು. ದರಿದ್ರದ ಅರಗು ಅಂತ ದಿನವಿಡೀ ಬೈದೆ. ಮರ ತಿರುಗಿಸೋ ಹಗ್ಗ ಎಳೀತಿದ್ದ ಕಾಳಿ ತಲೆ ಎತ್ತಲೇ ಇಲ್ಲ.

ಉಣ್ಣುವಾಗ ಅವಳವ್ವ ಮೆಲ್ಲಗೆ ಅಂದಳು: "ಅರಗ್ನ ಯಾಕೆ ಬೈತೀರಿ? ಇವ್ಳು ಬೇಕಂತ್ಲೇ ನಿಧಾನಕ್ಕೆ ಎಳೀತಾವ್ಳೆ. ಬಟ್ಲು ಮುಗುದ್ರೆ ನಾಗಮಂಗಲಕ್ಕೆ ಓಗ್ಬೇಕಲ್ಲ."

ಕಳ್ಳಿ! ಚಿಕ್ಕಂದಿನಿಂದ ನಾನೇ ಹಗ್ಗ ಹಿಡಿಸಿ ಕಲಿಸಿದವಳು, ನನ್ನನ್ನೇ ಏಮಾರಿಸಿದಳು. ನಾಳೆ ಗದರಬೇಕು.

ಬೇಡ. ಬಟ್ಟಲು ಬಿರುಕು ಬಿಟ್ಟಿದೆ ಅಂತ ಸುಳ್ಳು ಹೇಳಿ ಹೊಸ ಮರದ ತುಂಡು ಹಾಕಿ ಮೊದಲಿಂದ ಶುರು ಮಾಡ್ತೀನಿ. ಎಳೀಲಿ, ನಿಧಾನಕ್ಕೇ ಎಳೀಲಿ.