ಬ್ಯಾರೆ ಇಟ್ಟ ತಾಟ

ಪ್ರಣಾಲಿ,

ಸಾಲಿಯಿಂದ ಬಂದ ಕೂಡಲೆ ಇದನ್ನ ಓದಿ ಒಲಿಗೆ ಹಾಕು. ನಿಮ್ಮಣ್ಣನ ಕೈಗೆ ಸಿಗಬಾರದು.

ಕೂಸಿನ್ನ ಕರಕೊಂಡು ಜತ್ತದ ಸರಕಾರಿ ದವಾಖಾನಿಗೆ ಹೊಂಟೀನಿ, ತಿರುಗಿ ಬರೂದಿಲ್ಲ. ನನ್ನ ಎಚ್‌ಐವಿ ಗುಳಿಗಿ ಎಲ್ಲಾ ಅವ ನಿನ್ನೆ ಬಚ್ಚಲಕ್ಕ ಸುರುವಿದ. ಹೊಡತ ತಿಂದು ಇಷ್ಟು ದಿನ ಬದುಕಿದೆ, ಗುಳಿಗಿ ಬಿಟ್ಟು ಹೆಂಗ ಬದುಕಲಿ? ನಾ ಸತ್ತರ ಕೂಸಿಗೆ ಯಾರದಾರ? ಬ್ಯಾನಿ ತಂದಾವ ಅವ, ಹೊಡಸಿಕೊಂಡಾಕಿ ನಾ. ಅವಗೂ ದವಾಖಾನಿಗೆ ಹೋಗಾಕ ಹೇಳು, ನನ್ನ ಮಾತಂತೂ ಕೇಳಲಿಲ್ಲ.

ತವರಮನಿಗೆ ಹೋಗೂದಿಲ್ಲ, ಅವ ಮೊದಲ ಅಲ್ಲಿಗೇ ಬರತಾನ. ಇರಾಕ ಜಾಗಾ ಸಿಗದಿದ್ದರ ಬಸ್‌ಸ್ಟ್ಯಾಂಡಿನ್ಯಾಗ ಮಲಗ್ತೀನಿ.

ಬುಟ್ಯಾಗ ರೊಟ್ಟಿ ಅದಾವ. ನಾ ಬಡದ ರೊಟ್ಟಿ ಅಂತ ಅತ್ತಿಯವ್ರು ಮುಟ್ಟದಿದ್ದರ ಬಿಡಲಿ, ನೀ ಹಸದು ಕುಂದ್ರಬ್ಯಾಡ. ಆಡಿನ ಮರಿಗೆ ನೀರ ಇಡು.

ಅತ್ತಿಯವ್ರು ನನ್ನ ತಾಟ ಆಡಿನ ದಡ್ಡ್ಯಾಗ ಬ್ಯಾರೆ ಇಟ್ಟಿದ್ರಲ್ಲ, ಅದನ್ನ ತಿಕ್ಕಿ ನಿಮ್ಮ ತಾಟಿನ ಕೂಡ ಜೋಡಿಸೀನಿ. ಹೆದರಬ್ಯಾಡ, ತಾಟಿನಿಂದ ಈ ಬ್ಯಾನಿ ಬರೂದಿಲ್ಲ. ಯಾವ್ದು ನನ್ನದಂತ ಅವರು ಹುಡುಕಾಕ ಹತ್ತಿದರ ತಾಟಿನ ಮ್ಯಾಲ ಬರದದ್ದು ಓದಿ ಹೇಳು. ಲಗ್ನದಾಗ ನಮ್ಮಪ್ಪ ಬಿಳೂರಿಂದ ಕೊಟ್ಟು ಕಳಿಸಿದ ತಾಟ ಅವು. ಎಲ್ಲಾದರ ಮ್ಯಾಲೂ ನನ್ನ ಹೆಸರೈತಿ.

ಕರಿಷ್ಮಾ ವೈನಿ