ಗೊರಗೊರ ಸದ್ದು ಮತ್ತು ದೋಣಿಗಳ ಹೆಸರು

ಮೇ ೯

ಇವತ್ತೂ ಅದೇ. ಮನೆಯಿಂದಲೇ ಮಾಡುವ ಕಾಲ್ ಸೆಂಟರ್ ಕೆಲಸ, ಸಂಜೆ ಪಾಳಿಗೆ ಕಂಪ್ಯೂಟರ್ ಹಾಕಿದ್ದೇ ತಡ, ಅಡುಗೆಮನೆಯ ರೇಡಿಯೋ ಗೊರಗೊರ. ದಡ ಸೇರಿದ ದೋಣಿಗಳ ಹೆಸರು ಓದುವ ಹೊತ್ತು ಅದು. ಅತ್ತೆ ಕಿವಿ ಅಂಟಿಸಿಕೊಂಡು ಕೂತಿದ್ದರು. ನನ್ನ ಗಂಡ ಹೋಗಿರುವ ದೋಣಿ ನಿನ್ನೆಯೇ ಬರಬೇಕಿತ್ತು... ಬಂದರಿನ ಆಫೀಸಿಗೆ ಫೋನ್ ಮಾಡಿದರೆ ರೇಡಿಯೋ ಕೇಳಿ ಅನ್ನುತ್ತಾರೆ.

ಕಂಪ್ಯೂಟರ್ ಆರಿಸು ಅಂದರು ಅತ್ತೆ. ಗಿರಾಕಿ ಲೈನಿನಲ್ಲಿರುವಾಗ ಆರಿಸಿದರೆ ಕೆಲಸ ಹೋಗುತ್ತದೆ ಅಂದೆ. ಅತ್ತೆ ರೇಡಿಯೋದ ಸದ್ದು ಇನ್ನಷ್ಟು ಏರಿಸಿದರು.

ಮೇ ೧೦

ಬೆಳಿಗ್ಗೆ ರೇಡಿಯೋ ಹಿಡಿದು ಮನೆಯೆಲ್ಲ ಸುತ್ತಿದೆ. ಸ್ಕ್ರೀನ್ ಆರಿಸಿದೆ — ಸದ್ದು ಕೊಂಚ ಇಳಿಯಿತು. ಮೋಡೆಮ್ಮಿನ ಅಡಾಪ್ಟರ್ ಹತ್ತಿರ ಹೋದರೆ ಕಿವಿ ಹರಿದುಹೋಗುವಷ್ಟು. ಕಳ್ಳ ಸಿಕ್ಕಿದ. ಕಿತ್ತರೆ ಸದ್ದು ಮುಕ್ಕಾಲು ಪಾಲು ಮಾಯ. ಆದರೆ ಅದಿಲ್ಲದೆ ಕೆಲಸವೂ ಇಲ್ಲ.

ಸಂಜೆ ಅತ್ತೆ ರೇಡಿಯೋ ಎತ್ತಿಕೊಂಡು ಹಿತ್ತಲಿಗೆ ಹೋದರು. ಜೋರು ಗಾಳಿ. ಅರ್ಧಂಬರ್ಧ ಕೇಳಿಸಿತಂತೆ. "ನಮ್ದೂ ಇದ್ದಿರಬಹುದು," ಅಂದರು. ಹೂಂ ಅಂದೆ.

ಮೇ ೧೨

ಬೇರೆ ಅಡಾಪ್ಟರ್ ತಂದೆ. ಕೆಟ್ಟ ಪ್ರಿಂಟರಿನ ವೈರಿನಲ್ಲಿದ್ದ, ಗೊರಗೊರ ತಡೆಯುವ ಕಪ್ಪು ಉಂಗುರ ಬಿಡಿಸಿ ಸ್ಕ್ರೀನಿನ ವೈರಿಗೆ ಹಾಕಿದೆ. ರೇಡಿಯೋವನ್ನು ದೂರದ ಕಿಟಕಿಗೆ ಸಾಗಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಸದ್ದು ಅಡಗಿತು. ಹೆಸರು ಓದುವವಳು ಉಸಿರೆಳೆದುಕೊಳ್ಳುವುದೂ ಕೇಳಿಸುವಷ್ಟು.

ಎಲ್ಲ ಹೆಸರೂ ಓದಿದಳು. ನಮ್ಮದಿಲ್ಲ.

ಅತ್ತೆ ರೇಡಿಯೋವನ್ನೇ ನೋಡುತ್ತಿದ್ದರು. ಆಮೇಲೆ — "ಮೊದಲಿನ ಹಾಗೇ ಗೊರಗೊರ ಇದ್ದಿದ್ರೆ ಚೆನ್ನಾಗಿತ್ತಮ್ಮ."

ಹೆಡ್‌ಫೋನಿನಲ್ಲಿ ಯಾರೋ ಬಿಲ್ಲಿನ ವಿಷಯಕ್ಕೆ ಬೈಯುತ್ತಿದ್ದರು. ಕ್ಷಮಿಸಿ ಸರ್ ಅಂದೆ. ಅನ್ನುತ್ತಲೇ ಇದ್ದೆ.

ಮೇ ೧೫, ಸಂಜೆ

ಈಗಷ್ಟೇ. ಪಟ್ಟಿ ಮುಗಿದ ಮೇಲೆ ಇನ್ನೆರಡು ಸಾಲು ಓದಿದಳು. ನಮ್ಮ ದೋಣಿ ಸಿಕ್ಕಿದೆ. ಎಂಜಿನ್ ಕೆಟ್ಟಿತ್ತಂತೆ, ಎಳೆದು ತರುತ್ತಿದ್ದಾರೆ. ನಾಲ್ವರೂ ಬದುಕಿದ್ದಾರೆ, ಒಬ್ಬರ ಸ್ಥಿತಿ ಚೆನ್ನಾಗಿಲ್ಲ. ಯಾರದ್ದು ಅಂತ ಹೇಳಲಿಲ್ಲ.

"ನಿನಗೂ ಹಾಗೇ ಕೇಳಿಸ್ತಾ?" ಅಂದರು ಅತ್ತೆ.

ಹೌದು, ನಾಲ್ವರೂ ಇದ್ದಾರಂತೆ ಅಂದೆ. ಮುಂದಿನದನ್ನು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಹೆಡ್‌ಫೋನ್ ಕಿತ್ತಿಟ್ಟಿದ್ದೇನೆ. ಲೈನಿನಲ್ಲಿದ್ದವರು ಹಲೋ ಹಲೋ ಅನ್ನುತ್ತಿದ್ದಾರೆ. ಕೆಲಸ ಹೋದರೆ ಹೋಗಲಿ. ಬಂದರಿಗೆ ಹೋಗಲು ಗಾಡಿಗೆ ಹೇಳಿದ್ದೇನೆ, ಅದು ಬರುವವರೆಗೆ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅವರ ಒಂದು ಕಾಲಿನದು ನನ್ನ ಚಪ್ಪಲಿ. ಹೇಳಬೇಕು, ಆದರೆ — ಗಾಡಿ ಬಂತು.