ದೊಡ್ಡ ಪಿಸ್ಟನ್ ಬೇಡ

ಜಾವಳಿ
ಆಗಸ್ಟ್ 14, 1998

ಮಂಗಳೂರಿನಲ್ಲಿ ಮುನಿಸಿಕೊಂಡು ಕೂತಿರುವ ನಮ್ಮ ಮನೆಯ ಯಜಮಾನರಿಗೆ ಮೂಕಾಂಬಿಕಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಹೇಗಿದ್ದೀರಿ ಎಂದು ನಾನು ಕೇಳಿದಾಗಲೆಲ್ಲ ಕಾರ್ಡಿನಲ್ಲಿ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದವರು, ಬೀಟಲ್ ಕಾರಿನ ಎಂಜಿನ್ ಬಿಚ್ಚಿದ್ದೇನೆ, ಒಳಗೆ ಏನೇನು ಹಾಕಿಸಲಿ ಎಂದು ಕೇಳಿದ್ದೇ ತಡ, ಪುಟಗಟ್ಟಲೆ ಬರೆದು ಪಿಸ್ಟನ್ನಿನ ಚಿತ್ರ ಬೇರೆ ಬಿಡಿಸಿದ್ದೀರಲ್ಲ ಮಾರಾಯ್ರೇ! ಓದುತ್ತಾ ನಗು ಬಂತು. ಆಮೇಲೆ ಆ ಎಂಜಿನ್ ಮೇಲೆ ಹೊಟ್ಟೆಕಿಚ್ಚೂ ಬಂತು. ಫೋನು ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಡುತ್ತೀರಿ, ಕಾಗದವನ್ನಾದರೆ ಕೊನೆತನಕ ಓದುತ್ತೀರಿ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದು ಜಗಳ ಮುಗಿಸಿಬಿಡುತ್ತೇನೆ. ಏರಿನಲ್ಲಿ ಗೇರು ಇಳಿಸದೆ ನಾನು ಓಡಿಸಿದ್ದಕ್ಕೇ ಎಂಜಿನ್ ಸುಟ್ಟಿದ್ದು ಎಂದು ಊರಿಗೆಲ್ಲ ಸಾರಿದ್ದಿರಿ. ಮೇಲಿನ ತಗಡು ಬಿಚ್ಚಿ ನೋಡಿದೆ. ಸಿಲಿಂಡರಿನ ಸುತ್ತ ತೆಳು ರೆಕ್ಕೆಗಳಿವೆಯಲ್ಲ, ಅವುಗಳ ಸಂದಿಯಲ್ಲಿ ಒಂದಿಷ್ಟೂ ಜಾಗ ಬಿಡದಂತೆ ಕಾಫಿ ಹೊಟ್ಟು. ಆಯಿಲ್ ಕುಡಿದು ಗಟ್ಟಿಯಾಗಿ ಕೂತಿತ್ತು, ಬಿದಿರುಕಡ್ಡಿ ಹಾಕಿ ಕೆದಕಿ ತೆಗೆದೆ. ನೀರಿಲ್ಲದ ಎಂಜಿನ್ ಅದು, ಫ್ಯಾನಿನ ಗಾಳಿಯಿಂದಲೇ ಬದುಕಬೇಕು. ಪ್ರತಿ ಸೀಸನ್ನಿನಲ್ಲೂ ನೆರಳಿದೆ ಎಂದು ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಶೆಡ್ಡಿನ ಎದುರಿಗೇ ನಿಲ್ಲಿಸಿ, ಬಿಸಿಯಾಗಲಿ ಎಂದು ಅಲ್ಲೇ ಸ್ಟಾರ್ಟ್ ಮಾಡಿಡುತ್ತಿದ್ದವರು ಯಾರು? ಹೊಟ್ಟೆಲ್ಲ ಫ್ಯಾನು ಎಳೆದುಕೊಂಡಿದೆ. ಉತ್ತರ ಬರೆಯುವುದು ಬೇಡ, ಇದು ನಿಮಗೆ ಗೊತ್ತಾದರೆ ಸಾಕು.

ಇನ್ನು ಸಾಮಾನಿನ ವಿಷಯ. ದೊಡ್ಡ ಪಿಸ್ಟನ್, ಎರಡು ಕಾರ್ಬುರೇಟರ್, ರೇಸಿನ ಕ್ಯಾಮು, ಫ್ಲೈವೀಲನ್ನು ಲೇತಿಗೆ ಕೊಟ್ಟು ಹಗುರ ಮಾಡಿಸು ಎಂದೆಲ್ಲ ಬರೆದಿದ್ದೀರಿ. ಜನವರಿಯಲ್ಲಿ ಪ್ಲಾಂಟರ್‌ಗಳು ನಡೆಸುವ ಮಣ್ಣುದಾರಿಯ ರೇಸಿಗೆ ಎಂದು ನೀವೇ ಅಂದುಕೊಂಡಿರಿ. ನಾನು ಹಾಗೆ ಬರೆದಿರಲಿಲ್ಲ. ಯಾಕೆಂದೂ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಹೆಸರು ಕಂಡ ಕೂಡಲೇ ಕಾಗದ ಮಡಚಿಡಬೇಡಿ.

ಮಗಳು ಗಾನಶ್ರೀ ಈಗ ಏಳು ತಿಂಗಳ ಬಸುರಿ. ಚೌತಿ ಕಳೆದ ಮೇಲೆ ಬಾಣಂತನಕ್ಕೆ ಮನೆಗೆ ಬರುತ್ತಿದ್ದಾಳೆ. ನಿಮಗೆ ಹೇಳಕೂಡದು ಎಂದು ನೆಂಟರಿಷ್ಟರ ಬಾಯಿ ಕಟ್ಟಿದವಳು ನಾನೇ. ಅವಳು ಮೆಚ್ಚಿದ ಹುಡುಗ ನಮ್ಮವನಲ್ಲ ಎಂದು ಮದುವೆಯ ಹಿಂದಿನ ದಿನ ಮನೆ ಬಿಟ್ಟು ಹೋದವರಿಗೆ ಈ ಸುದ್ದಿ ಬಾಯಿಮಾತಿನಲ್ಲಿ ತಲುಪುವುದು ನನಗೆ ಬೇಕಿರಲಿಲ್ಲ.

ಮೂಡಿಗೆರೆಯಲ್ಲಿ ರೂಮು ಮಾಡೋಣ, ಆಸ್ಪತ್ರೆ ಹತ್ತಿರ ಆಗುತ್ತೆ ಎಂದು ಗೋಗರೆದೆ. ಚೊಚ್ಚಲ ಹೆರಿಗೆಗೆ ತೌರುಮನೆ ಬಿಟ್ಟು ಛತ್ರದಲ್ಲಿ ಕೂತ ಹಾಗೆ ಕೂರ್ಬೇಕಾ ಅಮ್ಮ ಎಂದು ಅತ್ತಳು. ಹಟದಲ್ಲಿ ಯಾರ ಮಗಳು ಎಂದು ನಾನು ಹೇಳಬೇಕಾಗಿಲ್ಲ. ದೀಪಾವಳಿ ಹೊತ್ತಿಗೆ ದಿನ ತುಂಬುತ್ತದೆ. ಮಳೆಗಾಲ ಮುಗಿಯುವ ಆ ಹೊತ್ತಿಗೆ ನಮ್ಮ ಮನೆಯಿಂದ ತಾರು ರಸ್ತೆಯವರೆಗಿನ ದಾರಿ ಹೇಗಿರುತ್ತದೆಂದು ನಿಮಗೆ ಗೊತ್ತು, ದಾರಿ ಎನ್ನುವುದಕ್ಕಿಂತ ಕೊರಕಲು. ಹೋದ ವರ್ಷ ತೋಟದ ಕೆಲಸದ ಅಂಜನಮ್ಮನ ಸೊಸೆ ಬಾಡಿಗೆ ಜೀಪಿಗೆ ಕಾದು ಕಾದು ನಮ್ಮ ಗೇಟಿನ ಹತ್ತಿರವೇ ಹೆತ್ತಳು. ಕೂಸು ಉಳಿಯಲಿಲ್ಲ. ಆ ತಾಯಿಯ ಅಳು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬಾಡಿಗೆ ಜೀಪು ನಂಬಿ ಮಗಳನ್ನು ಇಟ್ಟುಕೊಳ್ಳಲು ನನ್ನಿಂದಾಗದು.

ಹಾಗಾಗಿ ದೊಡ್ಡ ಪಿಸ್ಟನ್ ಬೇಡ. ಅದು ಸುಡುವುದೂ ಹೆಚ್ಚು. ನಿಧಾನಕ್ಕೆ ಏರುವಾಗ ಎಂಜಿನ್ ಜೊತೆ ಫ್ಯಾನೂ ನಿಧಾನ, ಗಾಳಿ ಸಾಲದು. ಮೊದಲಿದ್ದ ಅಳತೆಯ ಪಿಸ್ಟನ್ನು, ಸಿಲಿಂಡರು ಹೊಸದು ತಂದಿದ್ದೇನೆ. ವಾಲ್ವ್ ತೆರೆದು ಮುಚ್ಚುವ ಕ್ಯಾಮು ಹಳೆಯ ನಮೂನೆಯದೇ, ಕಡಿಮೆ ವೇಗದಲ್ಲೂ ಎಳೆಯುತ್ತದೆ. ಫ್ಲೈವೀಲು ಭಾರವಾಗಿಯೇ ಇರಲಿ, ಕಲ್ಲಿನ ಮೇಲೆ ತೆವಳುವಾಗ ಎಂಜಿನ್ ನಿಲ್ಲುವುದಿಲ್ಲ. ಎರಡು ಕಾರ್ಬುರೇಟರು ಈ ಕುಲುಕಾಟಕ್ಕೆ ಒಂದಕ್ಕೊಂದು ಹೊಂದಿಕೊಂಡು ಇರಲಾರವು, ಒಂದೇ ಸಾಕು. ಧೂಳು ತಡೆಯಲು ಆಯಿಲ್ ಹಾಕುವ ಹಳೇ ಏರ್ ಕ್ಲೀನರೇ ಇರಲಿ. ತಗಡುಗಳನ್ನೆಲ್ಲ ತುಕ್ಕು ಉಜ್ಜಿ ವಾಪಸು ಹಾಕಿಸುತ್ತೇನೆ, ಸುತ್ತಲ ರಬ್ಬರು ಹೊಸದು. ಇಷ್ಟು ವರ್ಷ ನಿಮಗೆ ಪಾನಾ ಎತ್ತಿಕೊಟ್ಟಿದ್ದು ಸುಮ್ಮನೆ ಅಂದುಕೊಂಡಿರಾ?

ಸಾಮಾನು ಚಿಕ್ಕಮಗಳೂರಿನ ಪರಮೇಶ್ವರಪ್ಪನವರ ಅಂಗಡಿಯದು. ಹೌದು, ನಮ್ಮ ಬೀಗರೇ. ಅವರೂ, ದೊಡ್ಡ ಪಿಸ್ಟನ್ನೇ ಹಾಕ್ಸಿ ಬೀಗಿತ್ತಿಯವ್ರೇ, ಹುಲಿ ಹಂಗೆ ಹತ್ತುತ್ತೆ ಎಂದು ಬಲವಂತ ಮಾಡಿದರು. ಹುಲಿ ಬೇಡ ಸ್ವಾಮಿ, ಬಸುರಿ ಕೂರುವ ಕಾರು ಇದು ಎಂದೆ. ಒಬ್ಬರ ಮುಖ ಒಬ್ಬರು ನೋಡದ ನೀವಿಬ್ಬರೂ ಒಂದೇ ತಪ್ಪನ್ನು ಹೇಳಿದಿರಲ್ಲ, ಬೀಗರಾಗಲು ಇದಕ್ಕಿಂತ ಹೊಂದಾಣಿಕೆ ಬೇಕೇ? ಅವರ ಮಗ ಮಲ್ಲೇಶ, ನಮ್ಮ ಅಳಿಯ, ಮೆತ್ತಗಿನ ಹುಡುಗ. ಭಾನುವಾರ ಅಂಗಡಿಗೆ ರಜೆ, ಅವತ್ತು ಬಂದು ಸಾಮಾನು ಇಳಿಸಿ ಹೋಗುತ್ತಾನೆ. ನಿಮ್ಮ ಕುರ್ಚಿಯಲ್ಲಿ ಕೂರು ಎಂದರೆ ಕೂರುವುದಿಲ್ಲ, ಬೆಂಚಿನ ಮೇಲೇ ಕಾಫಿ ಕುಡಿಯುತ್ತಾನೆ.

ಎಂಜಿನ್ ಕೂಡಿಸುವುದು, ಕಿಡಿ ಹಾರುವ ಟೈಮಿಂಗ್ ಇಡುವುದು ನನ್ನ ಕೈಗೆ ಹತ್ತುವ ಕೆಲಸವಲ್ಲ. ನೀವು ಬಂದರೆ ಆಗುತ್ತದೆ. ಮಗಳೊಡನೆ ಮಾತಾಡಲೇಬೇಕೆಂದು ನಾನು ಕೂರುವುದಿಲ್ಲ. ಶೆಡ್ಡಿನಲ್ಲಿ ನಿಮ್ಮ ಪಾಡಿಗೆ ಕೆಲಸ ಮಾಡಿ, ಊಟಕ್ಕೆ ಕರೆದಾಗ ಬನ್ನಿ. ನನಗೂ ಒಬ್ಬಳೇ ಉಂಡು ಬೇಜಾರಾಗಿದೆ.

ಸಿಟ್ಟು ಪೂರ್ತಿ ಇಳಿಯದ, ಆದರೂ ನಿಮ್ಮವಳೇ ಆದ
ಮೂಕಾಂಬಿಕಾ

ತಾ.ಕ.: ಕವರು ಅಂಟಿಸಲು ಹೋದರೆ ಮನಸ್ಸು ಒಪ್ಪಲಿಲ್ಲ. ಎಂಜಿನ್ ಕೂಡಿಸಲು ನನಗೆ ಬಾರದು ಎಂದು ಕೊನೆಯಲ್ಲಿ ಬರೆದದ್ದು ಸುಳ್ಳು. ಎಂಜಿನ್ ಕೂಡಿಸಿ ಆಗಿದೆ. ಹೋದ ಭಾನುವಾರ ನಾನೂ ಮಲ್ಲೇಶನೂ ಸೇರಿ ಕಾರಿಗೆ ಏರಿಸಿದೆವು, ಟೈಮಿಂಗ್ ನಾನೇ ಇಟ್ಟೆ. ಮರುದಿನ ಹಿಂದಿನ ಸೀಟಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ತಾರು ರಸ್ತೆಯವರೆಗೆ ಇಳಿದು ವಾಪಸು ಹತ್ತಿಸಿದೆ. ಎಲ್ಲೂ ನಿಲ್ಲಲಿಲ್ಲ. ಎಂಜಿನ್ನಿಗೆ ನೀವು ಬೇಕಾಗಿಲ್ಲ, ಓಡಿಸಲು ನಾನಿದ್ದೇನೆ. ಆದರೆ ನೋವು ಬಂದ ದಿನ ನನ್ನ ಎರಡು ಕೈಯೂ ಸ್ಟೇರಿಂಗ್ ಮೇಲಿರುತ್ತವೆ. ಹಿಂದಿನ ಸೀಟಿನಲ್ಲಿ ಅವಳ ಕೈ ಹಿಡಿದುಕೊಂಡು ಕೂರಲು ಅಪ್ಪ ಬೇಕು.